ಅತ್ತೆ ಕಂಡ ಉಂಗುರ

ಅತ್ತೆಯವರಿಗೆ ಜಯನಗರದ ಮನೆಯಿಂದ ನಿಮ್ಮ ಸೊಸೆ ಸರೋಜಳ ನಮಸ್ಕಾರ.

ಸಿಕ್ಕಿತು ಅತ್ತೆ! ನಮ್ಮ ಉಂಗುರ ಫೋಟೋ ಪ್ಲೇಟಿನ ಮೇಲೆ ಸಿಕ್ಕಿತು! ಇಷ್ಟು ದಿನ ಯಾರ್ಯಾರಿಗೋ ಹೇಳಿದೆ. ಹಾಲಿನವಳಿಗೆ ಹೇಳಿದೆ, ಎದುರುಮನೆಯ ಪೋಸ್ಟ್ ಮಾಸ್ಟರರ ಹೆಂಡತಿಗೆ ಹೇಳಿದೆ, ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸಿಗೂ ಹೇಳಿದೆ. ಆಕೆ ಕಳೆದುಹೋದ ಒಡವೆ ಯಾವುದೋ ಸಿಕ್ಕಿತೆಂದುಕೊಂಡು, "ಸದ್ಯ, ದೇವರು ದೊಡ್ಡೋನು ಬಿಡಿ" ಅಂದರು. ಯಾರಿಗೆ ಎಲ್ಲರಿಗಿಂತ ಮೊದಲು ಹೇಳಬೇಕಿತ್ತೋ ಅವರಿಗೆ ಮಾತ್ರ ಹೇಳಲಾಗಲಿಲ್ಲ. ಅದಕ್ಕೇ ಈ ಕಾಗದ. ಯಾವ ವಿಳಾಸ ಬರೆದು ಎಲ್ಲಿ ಹಾಕುವುದೋ ಗೊತ್ತಿಲ್ಲ. ಬರೆಯದೆ ಇರುವುದಕ್ಕೂ ಆಗುತ್ತಿಲ್ಲ.

ನಾನು ಈ ಮನೆಗೆ ಬಂದ ಹೊಸತರಲ್ಲಿ ನನ್ನ ಟ್ರಂಕನ್ನು ನೀವೇ ಬಿಚ್ಚಿದ್ದು ನೆನಪಿದೆಯೇ? ಸೀರೆಗಳ ಅಡಿಯಲ್ಲಿ, ಹಳೆಯ ಕಂಬಳಿಯಲ್ಲಿ ಸುತ್ತಿದ್ದ ದಪ್ಪ ಗಾಜಿನ ಬಿಲ್ಲೆ ಸಿಕ್ಕಿತು. ಊಟದ ತಟ್ಟೆಯಷ್ಟು ಅಗಲ, ಎತ್ತಿದರೆ ಕೈ ಜಗ್ಗುವಷ್ಟು ಭಾರ. "ಇದೇನೇ, ಹೋಳಿಗೆ ತಟ್ಟೋ ಮಣೆನಾ? ನಿಮ್ಮ ಕಡೆ ಗಾಜಿನ ಮೇಲೆ ತಟ್ತಾರಾ?" ಅಂದಿರಿ. ಅದು ಮದರಾಸಿನಲ್ಲಿರುವ ನನ್ನಣ್ಣ ಗುಜರಿಯಲ್ಲಿ ಹುಡುಕಿ ತಂದುಕೊಟ್ಟಿದ್ದ ಹಡಗಿನ ಕಿಟಕಿಯ ಗಾಜು. ದುರ್ಬೀನಿನ ಕನ್ನಡಿಯನ್ನು ಮನೆಯಲ್ಲೇ ಉಜ್ಜಿ ಮಾಡಿಕೊಳ್ಳಬಹುದು ಎಂದು ಕಾಲೇಜಿನಲ್ಲಿ ನಮ್ಮ ಭೌತಶಾಸ್ತ್ರದ ಮೇಷ್ಟ್ರು ಹೇಳಿದ ದಿನದಿಂದ ನನಗೆ ಅದೊಂದು ಹುಚ್ಚು ಹಿಡಿದಿತ್ತು. ಹೊಸ ಸೊಸೆ ಅತ್ತೆಯ ಮುಂದೆ ನಿಂತು ನಕ್ಷತ್ರದ ಹುಚ್ಚನ್ನು ಹೇಗೆ ವಿವರಿಸುವುದು? ತೊದಲಿಕೊಂಡು ಏನೋ ಹೇಳಿದೆ. ನೀವು ಗಾಜನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಿರಿ. "ಇನ್ನೂ ಉಜ್ಜೇ ಇಲ್ವಲ್ಲೇ. ಮತ್ತೆ ಯಾವಾಗ ಶುರು ಮಾಡೋದು?" ಅಂದಿರಿ. ಅಷ್ಟೇ!

ಆ ಚಳಿಗಾಲವೆಲ್ಲ ನಮ್ಮ ಹಿತ್ತಿಲಿನಲ್ಲಿ ಎಂಥ ಸದ್ದು! ಕಲ್ಲು ತುಂಬಿದ ಪೀಪಾಯಿಯ ಮೇಲೆ ಒಂದು ಗಾಜು, ಅದರ ಮೇಲೆ ಅಣ್ಣ ಕೊಟ್ಟದ್ದು, ನಡುವೆ ನೀರು ಮತ್ತು ಉಜ್ಜುವ ಪುಡಿ. ಪೀಪಾಯಿಯನ್ನು ಸುತ್ತುತ್ತಲೇ ಮೇಲಿನ ಗಾಜನ್ನು ಹಿಂದಕ್ಕೂ ಮುಂದಕ್ಕೂ ತಳ್ಳುತ್ತಿರಬೇಕು. ನನ್ನ ತೋಳು ಸೋತಾಗ, "ಸರಿ ಆ ಕಡೆ" ಎಂದು ಸೆರಗು ಸಿಕ್ಕಿಸಿಕೊಂಡು ನೀವು ನಿಲ್ಲುತ್ತಿದ್ದಿರಿ. ನಿಮ್ಮ ಮಗ ಕಾರ್ಖಾನೆಯಿಂದ ಬಂದವರು ಹಿತ್ತಿಲ ಬಾಗಿಲಲ್ಲಿ ನಿಂತು, "ಏನಮ್ಮಾ, ಇವತ್ತೂ ಕಾಫಿ ಇಲ್ವಾ?" ಎಂದರೆ, "ನೀನೇ ಮಾಡ್ಕೊಳೋ. ಹಾಗೇ ನಮಗೂ ಎರಡು ಲೋಟ ತಾ" ಎನ್ನುತ್ತಿದ್ದಿರಿ. ಗೊಣಗಿಕೊಂಡೇ ಕಾಫಿ ತರುತ್ತಿದ್ದ ಅದೇ ಮನುಷ್ಯ ಕೊನೆಗೆ ಹಳೆಯ ಕಾರಿನ ಆಕ್ಸಲ್ ಒಂದನ್ನು ಹುಡುಕಿ ತಂದು ದುರ್ಬೀನಿಗೆ ಕಾಲು ಮಾಡಿಕೊಟ್ಟರು. ಒಂದು ತಿರುಪನ್ನು ನಿಧಾನವಾಗಿ ತಿರುಗಿಸಿದರೆ ಸಾಕು, ಕೊಳವೆ ನಕ್ಷತ್ರದ ಹಿಂದೆಯೇ ಸರಿಯುತ್ತಿತ್ತು.

ತಾರಸಿಗೆ ದುರ್ಬೀನು ಏರಿಸಿದ ದಿನ ನಾವಿಬ್ಬರೂ ದಕ್ಷಿಣಕ್ಕೆ ಮುಖ ಮಾಡಿ ನಿಂತುಬಿಟ್ಟಿದ್ದೆವು. ರಸ್ತೆಯಾಚೆ ಕಲ್ಲು ನೆಟ್ಟ ಖಾಲಿ ಸೈಟುಗಳು, ಅದರಾಚೆ ರಾಗಿ ಹೊಲ, ಬನಶಂಕರಿ ಗುಡಿಯ ಕಡೆ ಎಲ್ಲೋ ಒಂದೆರಡು ದೀಪ. ಅಲ್ಲಿಂದ ಮುಂದೆ ಆಕಾಶ ನೆಲಕ್ಕೇ ಅಂಟಿಕೊಂಡಿತ್ತು. ಎದುರುಮನೆಯ ಪೋಸ್ಟ್ ಮಾಸ್ಟರರು ಕಾಂಪೌಂಡಿನಿಂದಲೇ ಕೂಗಿದ್ದರು: "ಏನಮ್ಮಾ, ರಷ್ಯಾದವರು ಬಿಟ್ಟಿರೋ ಉಪಗ್ರಹ ಕಾಣುತ್ತಾ?" ನೀವು ಬಗ್ಗಿ ನೋಡಿ, "ಅವರು ಬಿಟ್ಟಿದ್ದನ್ನ ಅವರು ನೋಡ್ಕೋತಾರೆ ಸಾರ್. ನಾವು ದೇವರು ಬಿಟ್ಟಿದ್ದನ್ನ ನೋಡ್ತಿದೀವಿ" ಎಂದಿರಿ. ಅವರು ಆಮೇಲೆ ಎಷ್ಟೋ ದಿನ ಕೂಗಲೇ ಇಲ್ಲ!

ಯುಗಾದಿಯ ಹಿಂದಿನ ಸಂಜೆ, ಆ ಅಮಾವಾಸ್ಯೆಯಂದು, ನಾನು ಮೇಷ್ಟ್ರ ನಕ್ಷತ್ರಪಟವನ್ನು ಎರವಲು ತಂದಿದ್ದೆ. ಅಗಸ್ತ್ಯ ನಕ್ಷತ್ರ ಬಲಕ್ಕೆ ಇಳಿಯುವ ಹೊತ್ತಿಗೆ ಅದರ ಎಡಕ್ಕೆ, ಮೇಲೆ, ಹಡಗಿನ ಹಾಯಿ ಎಂದು ಕರೆಯುವ ನಕ್ಷತ್ರಪುಂಜ ಬರುತ್ತದೆ. ಅದರಲ್ಲಿ ಒಂದು ಸಣ್ಣ ಗುರುತು ಇತ್ತು, ಗ್ರಹರೂಪಿ ನೀಹಾರಿಕೆ ಎಂದು. ಗ್ರಹದ ಹಾಗೆ ದುಂಡಗೆ ಕಾಣುವುದರಿಂದ ಆ ಹೆಸರು. ನಿಜಕ್ಕೂ ಗ್ರಹವಲ್ಲ, ಮುದಿಯಾದ ನಕ್ಷತ್ರವೊಂದು ತನ್ನ ಹೊರಮೈಯನ್ನು ಊದಿ ಹೊರಬಿಟ್ಟ ಅನಿಲ. ನನಗೆ ಕಂಡದ್ದು ಹೊಗೆಯ ಬಿಲ್ಲೆಯಂಥದು, ಅದರೊಳಗೊಂದು ನಕ್ಷತ್ರ. ನೀವು ಸ್ಟೂಲಿನ ಮೇಲೆ ಕೂತಿರಿ. ಬಲಗಣ್ಣಿಗೆ ಪೊರೆ ಬರತೊಡಗಿದ್ದರಿಂದ ಕನ್ನಡಕ ತೆಗೆದು ಎಡಗಣ್ಣು ಇಟ್ಟಿರಿ. ಆಮೇಲೆ ಮೆಲ್ಲಗೆ, "ಬಿಲ್ಲೆ ಅಲ್ಲ ಕಣೇ ಇದು. ನಕ್ಷತ್ರದ ಸುತ್ತ ಖಾಲಿ ಇದೆ, ಅದರ ಸುತ್ತ ಉಂಗುರ. ಹಸಿರು ಉಂಗುರ. ನನ್ನ ಮದುವೇಲಿ ತೊಡಿಸಿದ್ರಲ್ಲ ಗಾಜಿನ ಬಳೆ, ಅಂಥ ಹಸಿರು" ಎಂದಿರಿ. ನಾನು ನಿಮ್ಮ ಬರಿಗೈ ನೋಡಿದೆ. ಆ ಕತ್ತಲೆಯಲ್ಲೂ ನೀವು ನಗುತ್ತಿದ್ದದ್ದು ಗೊತ್ತಾಗುತ್ತಿತ್ತು.

ಮಾರನೆಯ ದಿನ ಹಬ್ಬದೂಟಕ್ಕೆ ಬಸವನಗುಡಿಯಿಂದ ನಿಮ್ಮ ಅಕ್ಕ, ನಮ್ಮೆಲ್ಲರ ದೊಡ್ಡಮ್ಮ, ಬಂದರು. ಒಬ್ಬಟ್ಟು ಬಡಿಸುತ್ತಾ ನಿಮಗೆ ತಡೆಯಲಾಗಲಿಲ್ಲ. "ಅಕ್ಕಾ, ನಿನ್ನೆ ಆಕಾಶದಲ್ಲಿ ಒಂದು ಉಂಗುರ ನೋಡಿದೆ!"

ದೊಡ್ಡಮ್ಮ ತಲೆ ಕೂಡ ಎತ್ತಲಿಲ್ಲ. "ಪೊರೆ ಬಂದ ಕಣ್ಣಿಗೆ ಬೀದಿ ದೀಪಕ್ಕೂ ಉಂಗುರ ಕಾಣುತ್ತೆ ತುಂಗಿ. ನಿನ್ನ ಸೊಸೆಗೇನೋ ಹುಡುಗು ವಯಸ್ಸು, ನಿನಗೇನಾಯ್ತು?" ಪಂಕ್ತಿಯಲ್ಲಿ ಎಲ್ಲರೂ ನಕ್ಕರು, ನಿಮ್ಮ ಮಗನೂ ನಕ್ಕರು. ನೀವು ತುಪ್ಪ ಬಡಿಸಿಕೊಂಡು ಹೋದಿರಿ. ಆದರೆ ಅಂದು ಸಂಜೆ ನನಗಿಂತ ಮುಂಚೆ ತಾರಸಿಯಲ್ಲಿದ್ದವರು ಯಾರು? "ಅದೋ ಅದಕ್ಕೆ ತಿರುಗಿಸು, ಈಗ ಆ ಕೆಂಪು ನಕ್ಷತ್ರಕ್ಕೆ ತಿರುಗಿಸು, ಈಗ ಮತ್ತೆ ನಮ್ಮದಕ್ಕೆ" ಎಂದು ನನ್ನನ್ನು ಕುಣಿಸಿಬಿಟ್ಟಿರಿ. ಕೊನೆಗೆ ಸೊಂಟಕ್ಕೆ ಕೈ ಕೊಟ್ಟು ನಿಂತು, "ಪೊರೆಯಾಗಿದ್ರೆ ಎಲ್ಲದಕ್ಕೂ ಉಂಗುರ ಬರ್ಬೇಕಲ್ವೇ? ಇದೊಂದಕ್ಕೇ ಬರ್ತಿದೆ. ಸರೋಜಾ, ಇದರ ಫೋಟೋ ತೆಗೆಯಕ್ಕಾಗುತ್ತಾ? ಫೋಟೋಗೇನೂ ಪೊರೆ ಬರಲ್ವಲ್ಲ!" ಎಂದಿರಿ.

ಆ ಮಾತು ನನ್ನ ತಲೆ ಹೊಕ್ಕಿತು. ಪುಸ್ತಕಗಳಲ್ಲಿ ಹುಡುಕಿದರೆ ಉತ್ತರದ ವೀಣಾ ಪುಂಜದ ಉಂಗುರದ ಚಿತ್ರವೇ ಎಲ್ಲ ಕಡೆ. ನಮ್ಮ ದಕ್ಷಿಣದ್ದನ್ನು ಕೇಳುವವರೇ ಇಲ್ಲ. ಸರಿ, ಗಾಂಧಿಬಜಾರಿನ ಸ್ಟುಡಿಯೋದವರಿಂದ ಕಾಗದಪತ್ರಗಳ ನಕಲು ತೆಗೆಯುವ ಗಾಜಿನ ಪ್ಲೇಟುಗಳನ್ನು ತಂದೆ. ಕಣ್ಣಿಡುವ ಜಾಗದಲ್ಲಿ ಪ್ಲೇಟು ಕೂರಿಸಿ, ಪಕ್ಕಕ್ಕೆ ಕಟ್ಟಿದ ಪುಟ್ಟ ದುರ್ಬೀನಿನಲ್ಲಿ ಒಂದು ನಕ್ಷತ್ರವನ್ನು ಅಡ್ಡದಾರ ಉದ್ದದಾರ ಕೂಡುವ ಕಡೆ ಇಟ್ಟುಕೊಂಡು, ಅದು ಅಲುಗದ ಹಾಗೆ ಅರ್ಧ ಗಂಟೆ ತಿರುಪು ತಿರುಗಿಸುವುದು. ನೀವು ಚಾಪೆಯ ಮೇಲೆ ಕೂತು ಸಂಜೆಯ ಸ್ತೋತ್ರ ಶುರು ಮಾಡುತ್ತಿದ್ದಿರಿ. ಅದು ಮುಗಿದರೆ ಪ್ಲೇಟು ಮುಚ್ಚುವ ಹೊತ್ತು! ಮೊದಮೊದಲು ನಕ್ಷತ್ರಗಳು ಅವಲಕ್ಕಿಯ ಹಾಗೆ ಬಂದವು, ಆಮೇಲೆ ಅಕ್ಕಿಯ ಹಾಗೆ, ಕೊನೆಗೆ ದುಂಡಗೆ ಚುಕ್ಕೆಗಳಾಗಿ ಬಂದವು. ಉಂಗುರ ಮಾತ್ರ ಬರಲಿಲ್ಲ. ನಡುವಿನ ನಕ್ಷತ್ರ, ಅದಕ್ಕೊಂದಿಷ್ಟು ಮಸಿ ಮೆತ್ತಿದ ಹಾಗೆ, ಅಷ್ಟೇ. ಮಳೆಗಾಲದ ಮೋಡ ಕವಿಯುವ ಮುಂಚಿನ ಕೊನೆಯ ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿ ನೀವು ಹೇಳಿದಿರಲ್ಲ, "ಹೋಗ್ಲಿ ಬಿಡು. ಅಕ್ಕ ಹೇಳಿದ್ದೇ ಸರಿ ಇರ್ಬೇಕು. ನನ್ನ ಕಣ್ಣಿಂದೇ ದೋಷ." ಅತ್ತೆ, ಪ್ಲೇಟು ಹಾಳಾದದ್ದಕ್ಕಿಂತ ಆ ಮಾತು ನನಗೆ...

ಆಷಾಢದಲ್ಲಿ ನಿಮಗೆ ಜ್ವರ ಬಂತು. ಬರೀ ಜ್ವರ ಎಂದುಕೊಂಡಿದ್ದೆವು. ಎದೆಗೆ ಇಳಿದಿದೆ ಎಂದು ಡಾಕ್ಟರು ಹೇಳುವ ಹೊತ್ತಿಗೆ ನೀವು ಯಾರನ್ನೂ ಗುರುತಿಸುತ್ತಿರಲಿಲ್ಲ. ಎಲ್ಲ ಮುಗಿಸಿ ಮನೆಗೆ ಬಂದ ಸಂಜೆ ಇವರು ತಾರಸಿಯ ಬಾಗಿಲಿಗೆ ಬೀಗ ಹಾಕಿದರು. ನಿಮ್ಮ ಹೆಸರು ಬಂದರೆ ಎದ್ದು ಹೊರಗೆ ಹೋಗುತ್ತಿದ್ದರು. ಅಳಲೂ ಇಲ್ಲ. ಒಂದೇ ಮನೆಯಲ್ಲಿದ್ದೂ ನಾವಿಬ್ಬರೂ ನಿಮ್ಮನ್ನು ಬೇರೆ ಬೇರೆಯಾಗಿ ನೆನೆಸಿಕೊಂಡೆವು.

ಈ ಶಿವರಾತ್ರಿ ಕಳೆದ ಮೇಲೆ ನಮ್ಮ ರಸ್ತೆಗೆ ದೀಪದ ಕಂಬಗಳು ಬಂದವು! ಒಂದು ಸರಿಯಾಗಿ ನಮ್ಮ ತಾರಸಿಯ ದಕ್ಷಿಣಕ್ಕೆ. "ಯುಗಾದಿ ಆದ್ಮೇಲೆ ಕರೆಂಟು ಕೊಡ್ತಾರಂತೆ. ಇನ್ಮೇಲೆ ಕತ್ತಲೇಲಿ ಎಡವೋದು ತಪ್ತು!" ಎಂದು ಪೋಸ್ಟ್ ಮಾಸ್ಟರರು ಖುಷಿಯಿಂದ ಹೇಳಿದರು. ಆ ದೀಪ ಹತ್ತಿತೆಂದರೆ ಹಾಯಿ ಪುಂಜ ಎಲ್ಲಿ, ಉಂಗುರ ಎಲ್ಲಿ? ಅಂದೇ ಹಳೆಯ ಪ್ಲೇಟುಗಳನ್ನೆಲ್ಲ ಕಟ್ಟಿಕೊಂಡು ಮೇಷ್ಟ್ರ ಮನೆಗೆ ಓಡಿದೆ. ಅವರು ಒಂದೊಂದನ್ನೇ ನೋಡಿದರು. "ಗೈಡಿಂಗ್ ಚೆನ್ನಾಗಿದೆಯಲ್ಲಮ್ಮ, ಒಂದು ನಕ್ಷತ್ರವೂ ಎಳೆದಿಲ್ಲ. ಕಣ್ಣಿಗೆ ಹೇಗೆ ಕಾಣುತ್ತೆ? ಬಣ್ಣ ಏನಾದ್ರೂ?"

"ನನಗೇನೂ ಗೊತ್ತಾಗಲಿಲ್ಲ ಸಾರ್. ನಮ್ಮತ್ತೆ ಮಾತ್ರ ಹಸಿರು ಬಳೆ ಥರ ಇದೆ ಅಂತಿದ್ರು."

ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು! "ಹಸಿರು ಅಂದ್ರಾ? ಸರಿಯಾಗಿ ಹೇಳು, ಹಸಿರು ಅಂದ್ರಾ? ಅಯ್ಯೋ, ಇಂಥ ನೀಹಾರಿಕೆಗಳ ಬೆಳಕು ಬಹುಪಾಲು ಹಸಿರೇ ಕಣಮ್ಮ! ನೀನು ತಂದಿರೋ ಪ್ಲೇಟಿಗೆ ನೀಲಿ ಬಿಟ್ಟು ಬೇರೇನೂ ಕಾಣಲ್ಲ. ನಿಮ್ಮತ್ತೆ ಕಂಡಿದ್ದನ್ನ ನೀನು ಅಷ್ಟು ದಿನ ಕುರುಡು ಪ್ಲೇಟಿಗೆ ತೋರಿಸಿದೀಯಾ!" ಹಸಿರನ್ನೂ ಹಿಡಿಯುವ ಆರ್ಥೋ ಪ್ಲೇಟು ತರಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟರು. ಅಲ್ಲಿಂದ ಸ್ಟುಡಿಯೋದವರೆಗೆ ನಾನು ನಡೆದೆನೋ ಓಡಿದೆನೋ! ದಾರಿಯುದ್ದಕ್ಕೂ ಬಾಯಲ್ಲಿ ಒಂದೇ ಮಾತು, ಅತ್ತೆ ಹಸಿರು ಅಂದಿದ್ದರು, ಅತ್ತೆ ಹಸಿರು ಅಂದಿದ್ದರು. ಮನೆಗೆ ಬಂದು ಇವರ ಮುಂದೆ ಕೈ ಚಾಚಿದೆ. ಏನೂ ಕೇಳದೆ ತಾರಸಿಯ ಕೀಲಿ ಕೊಟ್ಟರು.

ವರ್ಷ ತುಂಬದ ಮನೆ, ಈ ಸಲ ಯುಗಾದಿ ಹಬ್ಬ ಮಾಡಲಿಲ್ಲ. ಹೂವಿಲ್ಲ, ಒಬ್ಬಟ್ಟಿಲ್ಲ. ಅಮಾವಾಸ್ಯೆಯ ಹಿಂದೆ ಮುಂದೆ ನನಗಿದ್ದದ್ದು ಕೆಲವೇ ಸಂಜೆಗಳು, ಅವನ್ನೂ ಮೋಡ ತಿಂದುಹಾಕಿತು. ಮಧ್ಯಾಹ್ನ ಧಗೆ, ಸಂಜೆಗೆ ಗುಡುಗು, ನಾಲ್ಕು ಹನಿ. ಕಂಬಗಳಿಗೆ ತಂತಿ ಎಳೆದಾಯಿತು, ಬಲ್ಬೂ ಹಾಕಿದರು. ಆಮೇಲೆ ಒಂದು ದಿನ ನಾಲ್ಕು ಗಂಟೆಗೇ ಮಳೆ ಸುರಿದು ನಿಂತುಬಿಟ್ಟಿತು. ದೀಪ ಹಚ್ಚುವ ಹೊತ್ತಿಗೆ ಆಕಾಶ ತೊಳೆದಿಟ್ಟ ಹಾಗೆ! ಧೂಳಿನ ಸುಳಿವಿಲ್ಲ, ಅಗಸ್ತ್ಯ ಮಿನುಗದೆ ನಿಂತಿದೆ. ನಾನು ಪ್ಲೇಟು ಕೂರಿಸಿ ತಿರುಪಿಗೆ ಕೈಯಿಟ್ಟಾಗ ಹಿಂದೆ ಹೆಜ್ಜೆ ಸದ್ದು. ಇವರು ಚಾಪೆ ಹಿಡಿದುಕೊಂಡು ಬಂದಿದ್ದರು.

ಚಾಪೆ ಹಾಸಿ ಕೂತರು. ನಾನು ದಾರಗಳು ಕೂಡುವ ಕಡೆ ನಕ್ಷತ್ರವನ್ನು ಹಿಡಿದಿದ್ದೆ, ತಿರುಗಿ ನೋಡುವ ಹಾಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ ನಿಮ್ಮ ಸ್ತೋತ್ರ! ನಿಮ್ಮದೇ ರಾಗ, ನೀವು ಉಸಿರು ತೆಗೆದುಕೊಳ್ಳುತ್ತಿದ್ದ ಜಾಗಗಳಲ್ಲೇ ಉಸಿರು. ಚಿಕ್ಕಂದಿನಿಂದ ಕೇಳಿ ಕೇಳಿ ಅವರೊಳಗೆ ಕೂತಿತ್ತೆಂದು ಅವರಿಗೇ ಗೊತ್ತಿರಲಿಲ್ಲವೋ ಏನೋ. ಎರಡು ಕಡೆ ತಪ್ಪಿದರು, ಮತ್ತೆ ಹಿಂದಕ್ಕೆ ಹೋಗಿ ಸರಿಮಾಡಿಕೊಂಡರು. ನನ್ನ ಕಣ್ಣು ತುಂಬಿ ನಕ್ಷತ್ರ ಮಸುಕಾಗತೊಡಗಿತು. "ನಿಲ್ಲಿಸ್ಬೇಡಿ, ನಾನು ಸರಿ ಇದೀನಿ" ಅಂದೆ. ಅವರು ನಿಲ್ಲಿಸಲಿಲ್ಲ. ಮುಗಿದ ಮೇಲೆ ಪ್ಲೇಟು ಮುಚ್ಚಿದೆ.

ಬಚ್ಚಲುಮನೆಯ ಕಿಟಕಿಗೆ ಕಂಬಳಿ ಹೊದಿಸಿ, ಟಾರ್ಚಿಗೆ ಕೆಂಪು ಕಾಗದ ಸುತ್ತಿ, ಹಂಡೆಯ ಪಕ್ಕ ರಸಾಯನ ತುಂಬಿದ ತಟ್ಟೆಗಳನ್ನು ಸಾಲಾಗಿ ಇಟ್ಟುಕೊಂಡೆ. ಇವರು ಟಾರ್ಚು ಹಿಡಿದರು. ಪ್ಲೇಟಿನ ಮೇಲೆ ಚುಕ್ಕೆಗಳು ಒಂದೊಂದಾಗಿ ಎದ್ದವು. ಆದರೆ ನಮ್ಮದು ಎಷ್ಟು ಪುಟ್ಟದು ಗೊತ್ತೇ ಅತ್ತೆ? ಗಸಗಸೆ ಕಾಳಿನ ಅರ್ಧವೂ ಇಲ್ಲ, ಬರಿಗಣ್ಣಿಗೆ ಏನೂ ತಿಳಿಯುವುದಿಲ್ಲ. ಚಿತ್ರ ಮಾಸದ ಹಾಗೆ ಹಿಡಿಸುವ ಹೈಪೋದಲ್ಲಿ ತೊಳೆದು, ದೀಪ ಹಾಕಿ, ಭೂತಗನ್ನಡಿ ಇಟ್ಟೆ. ಪ್ಲೇಟಿನಲ್ಲಿ ಬೆಳಕೇ ಕಪ್ಪಾಗಿ ಬೀಳುತ್ತದಲ್ಲ, ಒಂದು ಕಪ್ಪು ಚುಕ್ಕೆ. ಅದರ ಸುತ್ತ ತಿಳಿ. ಆ ತಿಳಿಯ ಸುತ್ತ, ಒಂದು ಕಡೆಯೂ ಕಡಿಯದೆ, ಮೊಟ್ಟೆಯ ಹಾಗೆ ತುಸು ಉದ್ದವಾದ ಕಪ್ಪು ಬಳೆ! ಭೂತಗನ್ನಡಿಯನ್ನು ಇವರ ಕೈಗೆ ಕೊಟ್ಟೆ. ಇವರು ನೋಡಿದರು. ನೋಡಿದವರೇ ಬಚ್ಚಲ ಬಾಗಿಲು ದೂಡಿಕೊಂಡು, ಬಕೆಟ್ಟು ಒದ್ದು ಉರುಳಿಸಿ, ಅಡುಗೆಮನೆಯ ಕಡೆ ಓಡಿದರು. "ಅಮ್ಮಾ! ಅಮ್ಮಾ, ಬಾ ಇಲ್ಲಿ, ಬಂದಿದೆ ನೋಡು!"

ನಡುಮನೆಯಲ್ಲಿ ನಿಂತುಬಿಟ್ಟರು. ನಾನು ಹೊರಗೆ ಬಂದಾಗ ಅಲ್ಲೇ ನೆಲದ ಮೇಲೆ ಕೂತಿದ್ದರು. ಅಷ್ಟು ತಿಂಗಳಿಂದ ಕಟ್ಟಿಕೊಂಡಿದ್ದ ಅಳುವೆಲ್ಲ ಆಗ ಬಂತು ಅತ್ತೆ. ಅಳುತ್ತಲೇ ನಗುತ್ತಿದ್ದರು. "ನಾನೂ ನಕ್ಕಿದ್ದೆ ಕಣೇ ಅವತ್ತು, ದೊಡ್ಡಮ್ಮನ ಜೊತೆ" ಎಂದರು. ಆ ಹೊತ್ತಿನಿಂದ ಇವತ್ತಿನವರೆಗೆ ನಿಮ್ಮ ಮಾತೇ ಮಾತು. ಚಿಕ್ಕಂದಿನಲ್ಲಿ ನೀವು ಅವರನ್ನು ಕೊಳಾಯಿ ಕೆಳಗೆ ಕೂರಿಸಿ ಸೀಗೆಪುಡಿ ಉಜ್ಜುತ್ತಿದ್ದದ್ದೂ ನನಗೆ ಈಗ ಗೊತ್ತು!

ಮರುದಿನವೇ ಸ್ಟುಡಿಯೋದಲ್ಲಿ ಚಿತ್ರವನ್ನು ದೊಡ್ಡದು ಮಾಡಿಸಿ, ಒದ್ದೆ ಆರುವ ಮುಂಚೆ ಬಸವನಗುಡಿಗೆ ಒಯ್ದೆ. ದೊಡ್ಡಮ್ಮ ಹೊಸಿಲ ಬಳಿ ಬೆಳಕಿಗೆ ಹಿಡಿದು ನೋಡಿದರು. ಕಪ್ಪು ಆಕಾಶ, ಬೆಳ್ಳನೆಯ ಉಂಗುರ. ತಿರುಗಿಸಿ ಹಿಂಬದಿಯನ್ನೂ ನೋಡಿದರು. "ಇದು ನೀವು ಬರೆದಿದ್ದಲ್ಲ ತಾನೆ?"

"ಅಲ್ಲ ದೊಡ್ಡಮ್ಮ. ಬನ್ನಿ, ಕಣ್ಣಾರೆ ನೋಡಿ. ಇನ್ನೂ ಕರೆಂಟು ಕೊಟ್ಟಿಲ್ಲ."

ಮಂಡಿನೋವಿನ ದೊಡ್ಡಮ್ಮ ಮುಂದಿನ ಬಸ್ಸಿಗೇ ನನ್ನ ಜೊತೆ ಹೊರಟರು ಎಂದರೆ ನಂಬುತ್ತೀರಾ? ಇವರ ಭುಜ ಹಿಡಿದುಕೊಂಡು, ಪ್ರತಿ ಮೆಟ್ಟಿಲಿಗೂ ನಮ್ಮನ್ನು ಬೈದುಕೊಂಡು ತಾರಸಿ ಹತ್ತಿದರು. ಸ್ಟೂಲಿನ ಮೇಲೆ ಕೂತು ಕಣ್ಣಿಟ್ಟರು. ಬೈಗುಳ ನಿಂತಿತು. ನಾನು ತಿರುಪು ತಿರುಗಿಸುತ್ತಾ ಹೋದೆ, ಅವರು ಏಳಲೇ ಇಲ್ಲ. ಕಣ್ಣು ತೆಗೆಯದೆಯೇ ಮಾತಾಡಿದರು. "ತುಂಗಿ ನನಗಿಂತ ಆರು ವರ್ಷಕ್ಕೆ ಚಿಕ್ಕೋಳು. ಅವಳು ಹೇಳಿದ್ದನ್ನ ಅಲ್ಲ ಅನ್ನೋದೇ ನನಗೆ ಅಭ್ಯಾಸ ಆಗೋಗಿತ್ತು." ಆಮೇಲೆ, "ಇಂಥವು ಇನ್ನೂ ಇವೆಯೇನೇ?"

"ಬೇಕಾದಷ್ಟಿವೆ ದೊಡ್ಡಮ್ಮ."

"ಹಾಗಾದ್ರೆ ನನ್ನ ಹಾಸಿಗೆ ತರಿಸು."

ಬಂದವರು ಇನ್ನೂ ಹೋಗಿಲ್ಲ! ಎರಡು ದಿನ ಬಿಟ್ಟು ಬೀದಿ ದೀಪ ಹತ್ತಿತು, ದಕ್ಷಿಣದ ಆಕಾಶ ಮಾಸಿಹೋಯಿತು. ಪೋಸ್ಟ್ ಮಾಸ್ಟರರ ಜೊತೆ ದೊಡ್ಡಮ್ಮ ಒಂದು ಸುತ್ತು ಜಗಳವನ್ನೂ ಆಡಿದ್ದಾರೆ. ಅಷ್ಟರಲ್ಲಿ ಮೇಷ್ಟ್ರು ಚಿತ್ರ ನೋಡಲು ಮನೆಗೆ ಬಂದರು. ಕಾಲೇಜಿನ ಭೌತಶಾಸ್ತ್ರ ವಿಭಾಗದ ಗೋಡೆಗೆ ಕಟ್ಟು ಹಾಕಿಸಿ ತೂಗುಹಾಕುತ್ತಾರಂತೆ! ಕೆಳಗೆ ಏನು ಬರೆಸುವುದು ಎಂದು ಕೇಳಿದರು. ನಾನು ಬಾಯಿ ತೆಗೆಯುವ ಮುಂಚೆ ದೊಡ್ಡಮ್ಮ, "ಮೊದಲು ನೋಡಿದವರು ತುಂಗಮ್ಮ ಅಂತ ಬರೀರಿ" ಎಂದರು. ಮೇಷ್ಟ್ರು ಸಂಕೋಚದಿಂದ, "ಇದನ್ನ ಬಹಳ ಹಿಂದೆಯೇ ಹೊರದೇಶದವರು ನೋಡಿದ್ದಾರಮ್ಮ" ಎಂದರು. "ಜಯನಗರದಿಂದ ನೋಡಿದ್ರಾ?" ಮೇಷ್ಟ್ರು ನಕ್ಕು ಪೆನ್ನು ತೆಗೆದರು. ಅವರು ಬರೆದುಕೊಂಡದ್ದನ್ನು ಹಾಗೇ ಕೊಡುತ್ತೇನೆ: "ಜಯನಗರದಿಂದ ಮೊದಲು ಕಂಡವರು ತುಂಗಮ್ಮ. ಚಿತ್ರ ತೆಗೆದವರು ಅವರ ಸೊಸೆ ಸರೋಜ."

ಇನ್ನೊಂದು ಮಾತು. ಕುಂಭ ರಾಶಿಯಲ್ಲಿ ಇದಕ್ಕಿಂತ ಬಹಳ ದೊಡ್ಡ ಉಂಗುರವೊಂದಿದೆ ಎಂದು ಮೇಷ್ಟ್ರು ಹೇಳಿದ್ದಾರೆ. ತುಂಬ ಮಂಕಂತೆ, ಗಾಢ ಕತ್ತಲೆ ಬೇಕಂತೆ. ಅದನ್ನು ಹಿಡಿಯುತ್ತೇನೆ ಅತ್ತೆ, ಇದು ನನ್ನ ಮಾತು. ತಲಘಟ್ಟಪುರದಲ್ಲಿ ದೊಡ್ಡಮ್ಮನ ಪರಿಚಯದ ರೈತರೊಬ್ಬರ ಕಣವಿದೆ, ಅಲ್ಲಿ ದೀಪವೇ ಇಲ್ಲ. ದೀಪಾವಳಿಯ ಅಮಾವಾಸ್ಯೆಗೆ, ಊರೆಲ್ಲ ಹಣತೆ ಹಚ್ಚುವಾಗ, ನಾವು ಮೂವರೂ ಕತ್ತಲೆ ಹುಡುಕಿಕೊಂಡು ಹೋಗುವವರಿದ್ದೇವೆ. ಅದಕ್ಕೆ ಇನ್ನೂ ಆರು ತಿಂಗಳಿದೆ ಎಂದರೆ ದೊಡ್ಡಮ್ಮ ಕೇಳಬೇಕಲ್ಲ! "ಆಮೇಲೆ ಗಾಡಿ ಸಿಗದೇ ಹೋದ್ರೆ?" ಎಂದು ಇವತ್ತು ಬೆಳಿಗ್ಗೆಯೇ ಗಾಡಿಯವನಿಗೆ ಹೇಳಿ ಕಳಿಸಿಬಿಟ್ಟಿದ್ದಾರೆ.

ನಿಮ್ಮ ಸೊಸೆ,
ಸರೋಜ